ಕೊಟ್ಟಿಗೆಯ ಮೇಲಿನ ಹೀರೆಬಳ್ಳಿ

ಜಯಾಬಾಯಿಯವರ ಮನೆಯಲ್ಲಿ ಒಂದೇ ಸಲ ಬಳಸಿ ಚೆಲ್ಲುವ ನೀರು ಎಂಬುದೇ ಇರಲಿಲ್ಲ. ಅಕ್ಕಿ ತೊಳೆದ ನೀರು ಪುಂಡಿಸೊಪ್ಪಿನ ಮಡಿಗೆ, ಪಾತ್ರೆ ಬೆಳಗಿದ ನೀರು ಚವಳಿಕಾಯಿ ಗಿಡಗಳಿಗೆ, ಬಚ್ಚಲ ನೀರು ಸಣ್ಣ ಕಾಲುವೆ ಹಿಡಿದು ಹೀರೆಬಳ್ಳಿಯ ಬುಡಕ್ಕೆ. ಒಲೆಯ ಬೂದಿ ಹುಳಕ್ಕೆ ಮದ್ದು. ಹೀರೆಯ ಸಿಪ್ಪೆ ಚಟ್ನಿಗೆ, ತಿರುಳು ಬಲಿತಿದ್ದರೆ ಆಕಳಿಗೆ, ಒಣಗಿದ ಕಾಯಿಯ ನಾರು ಮೈ ತಿಕ್ಕಿಕೊಳ್ಳಲಿಕ್ಕೆ, ಬೀಜ ಮುಂದಿನ ವರ್ಷಕ್ಕೆ. ಮಕ್ತಲ್‌ನ ಆ ಓಣಿಯಲ್ಲಿ ಯಾರಾದರೂ ಬೀಜಕ್ಕೆ ದುಡ್ಡು ಕೊಟ್ಟರೆಂದು ಕೇಳಿದರೆ, ಮನೆಯ ಗಂಡಸು ಕುಡಿಯುತ್ತಾನೆಂದು ಕೇಳಿದಷ್ಟೇ ಮರುಕದಿಂದ ಅವರು ತಲೆಯಾಡಿಸುತ್ತಿದ್ದರು.

ಯುದ್ಧದ ಕಾಲ. ಸೀಮೆಎಣ್ಣೆ, ಸಕ್ಕರೆ ಚೀಟಿಗೆ ಬಂದಿದ್ದವು. ಬೆಳೆದ ಜೋಳದ ಪಾಲು ಸರಕಾರದ ಲೆವಿಗೆ ಹೋಗುತ್ತಿತ್ತು. ಜಯಾಬಾಯಿಯವರ ಮಗ ವಿಜಯೀಂದ್ರ ತಹಸೀಲ್ ಕಚೇರಿಯಲ್ಲಿ ಕಾಗದಪತ್ರ ನೋಡುವ ಪೇಷ್ಕಾರ. ಲೆವಿ ವಸೂಲಿಗೆಂದು ತಹಸೀಲ್ದಾರರ ಜೊತೆ ಕೋಸಗಿಯ ಕಡೆ ಊರೂರು ತಿರುಗುವ ದೌರೆಗೆ ಹೋದವನು ಆಷಾಢ ಕಳೆದರೂ ಬಂದಿರಲಿಲ್ಲ. ಮನೆಯಲ್ಲಿ ಅತ್ತೆ, ಸೊಸೆ, ಒಂದು ಆಕಳು. ಸೊಸೆ ಇಂದಿರಾಬಾಯಿ ರಾಯಚೂರಿನ ಶಾಲೆಯಲ್ಲಿ ನಾಲ್ಕು ಅಕ್ಷರ ಕಲಿತವಳು. ಈ ಮನೆಗೆ ಬಂದ ಮೇಲೆ ಕಲಿತದ್ದು ಅದಕ್ಕಿಂತ ಹೆಚ್ಚು: ನೀರಿನ ದಾರಿ, ಬೂದಿಯ ಬೆಲೆ, ಮತ್ತು ಅತ್ತೆ ಮಡಿಯಲ್ಲಿದ್ದಾಗ ಗೋಡೆಗೆ ಮೈ ಒತ್ತಿಕೊಂಡು, ಸೆರಗು ಬಿಗಿಹಿಡಿದು ದಾಟುವ ರೀತಿ.

ಅವಳ ಅಂಜಿಕೆ ಶುರುವಾದದ್ದು ಬೇಲಿಯ ಆಚೆಯಿಂದ.

ಬೇಲಿಯ ಆಚೆ ಕುರುಬರ ಪೆಂಟಮ್ಮನ ಹಟ್ಟಿ. ಒಂದು ಮುಂಜಾನೆ ಅವಳು ಮುಳ್ಳುಕಂಟಿಯ ಸಂದಿನಿಂದ ಇತ್ತ ಇಣುಕಿ, ಬಾವಿಯ ಚಪ್ಪರಕ್ಕೆ ಒಂದು, ಕೊಟ್ಟಿಗೆಯ ಮೇಲಕ್ಕೆ ಒಂದು ಹಬ್ಬುತ್ತಿದ್ದ ಹೀರೆಬಳ್ಳಿಗಳನ್ನು ನೋಡಿದಳು.

"ಬಾಯಾರ, ಇವು ಮನಿ ಬೀಜ ಏನು?"

"ಹೌದು. ಹೋದ ವರ್ಷದ್ದು."

"ಹೋದ ವರ್ಸ ಈ ಬೇಲಿ ತುಂಬ ಕಹಿ ಹೀರಿ ಹಬ್ಬಿತ್ತು, ನೆಪ್ಪೈತಲ್ಲ? ಕುರಿ ಮದ್ದಿಗಂತ ನಾನಽ ಬಿಟ್ಟಿದ್ದೆ. ಸಂಜಿಕ ಹೂ ಅರಳಿದ್ವು ಅಂದ್ರ ಪತಂಗ ಆ ಹೂವಿಂದ ಈ ಹೂವಿಗೆ ಬರ್ತಾವ. ಅವಕ್ಕೇನು ನಿಮ್ಮ ಮಡಿ ಮೈಲಿಗಿ ಗೊತ್ತೈತಾ?"

ಇಂದಿರಾಬಾಯಿ ನಕ್ಕಳು. ಪೆಂಟಮ್ಮ ನಗಲಿಲ್ಲ.

"ಕೂಡಿದ ವರ್ಸ ಕಾಯಿ ಸಿಹೀನ ಇರ್ತೈತಿ. ಅದರ ಬೀಜ ಹಾಕಿದ್ರ, ಮುಂದಿನ ವರ್ಸ ಬಳ್ಳಿ ಕೆಟ್ಟಿರ್ತೈತಿ. ನಮ್ಮ ಸಣ್ಣತ್ತಿ ಅಂಥಾದ್ದು ತಿಂದು ಮೂರು ದಿನ ಕಾರಿಕೊಂಡು ಸತ್ಲು. ಅವತ್ತಿಂದ ನಾವು ಸಾರಿಗೆ ಹಾಕೋ ಮುಂದ ತುದಿ ಕಡದು ನೋಡ್ತೀವಿ. ನಿಮ್ಮ ಮನ್ಯಾಗ ಯಾರು ಕಡದು ನೋಡಾರು? ದೇವ್ರೇನಾ?"

ಮಾತು ನಗೆಯದಾದರೂ ಸುಳ್ಳಲ್ಲ. ಆ ಮನೆಯಲ್ಲಿ ನೈವೇದ್ಯವಾಗುವ ಮೊದಲು ಉಪ್ಪು ನೋಡಲಿಕ್ಕೂ ಅಡಿಗೆಯನ್ನು ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ. ಒಂದೊಂದು ಬಳ್ಳಿಯ ಮೊದಲ ಕಾಯಿಯೂ ದೇವರಿಗೆ ಮೀಸಲು. ಅದನ್ನು ಒಪ್ಪಿಸುವತನಕ ಆ ಬಳ್ಳಿಯ ಉಳಿದ ಕಾಯಿಗಳನ್ನೂ ಯಾರೂ ಮುಟ್ಟುವಂತಿಲ್ಲ, ನೆರೆಯವರಿಗೆ ಕೊಡುವಂತಿಲ್ಲ. ಮೇಲಾಗಿ ಚಾತುರ್ಮಾಸ್ಯ ಬಂದಿತ್ತು. ಮೊದಲ ತಿಂಗಳು ಶಾಕವ್ರತ: ಆಷಾಢದ ಏಕಾದಶಿಯಿಂದ ಶ್ರಾವಣದ ಏಕಾದಶಿಯವರೆಗೆ ಮನೆಯಲ್ಲಿ ಕಾಯಿಪಲ್ಯವೇ ಇಲ್ಲ. ಬರೀ ಬೇಳೆ, ಅನ್ನ, ಮೊಸರು. ಹಿತ್ತಲಲ್ಲಿ ಕಾಯಿ ಜೋತುಬೀಳುತ್ತಿದ್ದರೂ ಕಣ್ಣಿಂದ ನೋಡಬೇಕು ಅಷ್ಟೆ.

ಆ ಸಂಜೆ ಅವಳು ಅತ್ತೆಯ ಮುಂದೆ ಮಾತು ತೆಗೆದಳು.

"ಪತಂಗ ಬಂದು ಬೀಜ ಕೆಡಸ್ತದಂತ?" ಜಯಾಬಾಯಿಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಯಾವ ಪುಸ್ತಕದಾಗ ಓದೀದಿ?"

"ಪೆಂಟಮ್ಮ ಹೇಳಿದ್ಲು, ಅತ್ಯಾ."

"ಹಂಗಾದ್ರ ಹೋಗು, ಆಕಿ ಜೋಡಿ ಕುರಿ ಕಾಯಿ. ಇದೇ ಬೀಜದ ಕಾಯಿ ತಿನಿಸಿ ನಿನ್ನ ಗಂಡನ್ನ ಬೆಳಸೀನಿ ನಾ. ಅವನೇನು ಕಹಿ ಆಗ್ಯಾನೇನು?"

"ಒಂದು ತುದಿ ಕಡದು ನೋಡಿಬಿಟ್ರ..."

ಬತ್ತಿ ನಿಂತಿತು. "ವ್ರತದಾಗ? ಮೀಸಲಿಟ್ಟದ್ದು? ಇಂದಿರಾ, ಈ ಮಾತು ಇನ್ನೊಮ್ಮೆ ಈ ಮನ್ಯಾಗ ಬರಬಾರದು."

ಮಾತು ಬರಲಿಲ್ಲ. ಆದರೆ ಬಳ್ಳಿಗಳು ಬೆಳೆದವು. ಅಂಥ ಬೆಳೆಯನ್ನು ಆ ಹಿತ್ತಲು ಕಂಡಿರಲಿಲ್ಲ. ಕೊಟ್ಟಿಗೆಯ ಬಳ್ಳಿಯಂತೂ ಹುಲ್ಲಿನ ಮಾಡನ್ನೆಲ್ಲ ಮುಚ್ಚಿ, ಎಲೆಗಳು ಕಪ್ಪು ಹಸಿರಾಗಿ, ಸಂಜೆಯಾದರೆ ಹಳದಿ ಹೂ ಬಿರಿದು ನಿಲ್ಲುತ್ತಿತ್ತು. ಹುಳ ಬಾವಿಯ ಬಳ್ಳಿಯ ಎಲೆಗಳನ್ನು ತೂತು ಮಾಡಿದವು. ಕೊಟ್ಟಿಗೆಯ ಬಳ್ಳಿಯನ್ನು ಮುಟ್ಟಲಿಲ್ಲ. ಜಯಾಬಾಯಿಯವರಿಗೆ ಅದು ದೇವರ ದಯೆಯಾಗಿ ಕಂಡಿತು. ಇಂದಿರಾಬಾಯಿ ನೀರು ಹಾಯಿಸುವಾಗೆಲ್ಲ ತಲೆಯೆತ್ತಿ ನೋಡುವಳು. ಹುಳವೇ ಬೇಡವೆಂದದ್ದನ್ನು ನಾವು ತಿನ್ನಬೇಕೇ ಎಂದುಕೊಳ್ಳುವಳು. ಮತ್ತೆ, ಬೂದಿ ಹಾಕಿದ್ದಕ್ಕೆ ಹುಳ ಬರಲಿಲ್ಲ ಎಂದು ತಾನೇ ಸಮಾಧಾನ ಹೇಳಿಕೊಳ್ಳುವಳು. ಆಮೇಲೆ ಬೂದಿಯನ್ನು ಎರಡಕ್ಕೂ ಹಾಕಿದ್ದು ನೆನಪಾಗುವುದು.

ಅವಳನ್ನು ತಿನ್ನುತ್ತಿದ್ದುದು ತನ್ನ ಜೀವದ ಚಿಂತೆಯಲ್ಲ. ದ್ವಾದಶಿಯ ಪಾರಣೆಯಲ್ಲಿ ಮೊದಲು ಉಣ್ಣುವವರು ಅತ್ತೆ. ಅರವತ್ತೈದರ ಜೀವ, ಹಿಂದಿನ ದಿನವೆಲ್ಲ ನೀರೂ ಇಲ್ಲದ ಉಪವಾಸ, ಬರಿಹೊಟ್ಟೆ. ಎಲೆಯಲ್ಲಿ ಬಿದ್ದದ್ದು ಪ್ರಸಾದ; ಕಹಿಯಿರಲಿ, ಉಪ್ಪಿರಲಿ, ಒಂದು ಅಗುಳೂ ಬಿಡುವವರಲ್ಲ.

ಶ್ರಾವಣದ ದಶಮಿಯ ದಿನ, ಅತ್ತೆ ಗುಡಿಗೆ ಹೋದ ಹೊತ್ತು ನೋಡಿ, ಇಂದಿರಾಬಾಯಿ ಬಾವಿಯ ಚಪ್ಪರದಿಂದ ಒಂದು ಎಳೆಯ ಕಾಯಿ ಹರಿದಳು. ಕಲ್ಲಿನ ಮರೆಗೆ ಕೂತು ತುದಿ ಕಚ್ಚಿದಳು. ಸಿಹಿ. ಹಾಲು ತುಂಬಿದ ಜೋಳದ ತೆನೆಯಂಥ ಸಿಹಿ. ನಂಬದೆ ಇನ್ನೊಂದು ತುತ್ತು ಕಚ್ಚಿದಳು, ಮತ್ತೊಂದು. ತಿಂಗಳ ಮೇಲೆ ನಾಲಿಗೆ ಕಂಡ ಕಾಯಿ. ತೊಟ್ಟನ್ನು ಮಣ್ಣಿನಲ್ಲಿ ಹುಗಿದು ಬಾಯಿ ತೊಳೆದುಕೊಂಡಳು. ವ್ರತ ಮುರಿದ ಪಾಪ ತನಗಿರಲಿ, ಜೀವಗಳು ಉಳಿದವು. ಕೊಟ್ಟಿಗೆಯ ಬಳ್ಳಿಯದನ್ನೂ ನೋಡಬೇಕೇ? ಏಣಿ ಹಾಕಬೇಕು, ಅಷ್ಟರಲ್ಲಿ ಅತ್ತೆ ಬಂದಾರು. ಎರಡೂ ಒಂದೇ ಕಾಯಿಯ ಬೀಜ, ಒಣಗಿದ ಕಾಯಿ ಬಡಿದು ತಾನೇ ಬೀಜ ಉದುರಿಸಿದ್ದಳು. ಒಂದೇ ತಾಯಿಯ ಮಕ್ಕಳಲ್ಲವೇ ಎಂದುಕೊಂಡು ಒಳಗೆ ನಡೆದಳು. ಒಂದೇ ತಾಯಿಯ ಮಕ್ಕಳು ಒಂದೇ ಗುಣದವರಾಗಿದ್ದನ್ನು ಎಲ್ಲಿ ಕಂಡಿದ್ದಳೋ!

ದ್ವಾದಶಿಯ ಬೆಳಿಗ್ಗೆ ಜಯಾಬಾಯಿಯವರು ಒದ್ದೆ ಸೀರೆಯಲ್ಲಿ ಕೊಟ್ಟಿಗೆಯ ಮಾಡಿನಿಂದ ಎರಡು ಕಾಯಿ ಎಳೆದುಕೊಂಡರು, ಬಳ್ಳಿಯ ಮೊದಲ ಕಾಯಿಗಳು, ಮೊಳದುದ್ದದವು. ಇಂದಿರಾಬಾಯಿ ನೋಡಿದಳು, ಸುಮ್ಮನಿದ್ದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಹಸಿವೆಯಾಗಿತ್ತು. ಒಳಗೆ ಒಗ್ಗರಣೆಯ ಸದ್ದು, ಘಂಟೆಯ ಸದ್ದು, ಆಮೇಲೆ ಎಲೆ ಹಾಕಿದ ಸದ್ದು. ಅತ್ತೆ ಉಂಡ ಮೇಲೆ ತನ್ನ ಪಾಳಿ. ಅಷ್ಟರಲ್ಲಿ ಆಕಳ ಕೆಲಸ ಮುಗಿಸೋಣವೆಂದು, ಕಾಯಿ ಹೆಚ್ಚುವಾಗ ತೆಗೆದಿಟ್ಟ ಬಲಿತ ತಿರುಳನ್ನು ಮೊರದಲ್ಲಿ ಒಯ್ದು ಆಕಳ ಮುಂದಿಟ್ಟಳು.

ಆಕಳು ಮೂಗು ಚಾಚಿತು. ಬುಸ್ಸೆಂದು ಉಸಿರುಬಿಟ್ಟು, ಹಗ್ಗ ಜಗ್ಗಿಕೊಂಡು ಹಿಂದೆ ಸರಿಯಿತು.

ಇಂದಿರಾಬಾಯಿ ತಿರುಳಿನ ಒಂದು ಎಳೆಯನ್ನು ನಾಲಿಗೆಗೆ ಮುಟ್ಟಿಸಿದಳು. ಕಹಿ ಕಿವಿಯ ಬುಡದವರೆಗೆ ಹಿಡಿಯಿತು.

ಅವಳು ಓಡಿದಳು. "ಅತ್ಯಾ, ಬಿಡ್ರಿ! ಉಣಬ್ಯಾಡ್ರಿ, ಕಹಿ ಅದ, ಕೆಟ್ಟದ್ದದ!"

ಜಯಾಬಾಯಿಯವರದು ಊಟದಲ್ಲಿ ಮೌನ. ತಲೆ ಎತ್ತದೆ ಎಡಗೈ ಎತ್ತಿದರು, ನಿಲ್ಲು ಎಂದು. ಬೆರಳಿನಿಂದ ಎಲೆಯ ಅಂಚಿನ ಅಗಸೆಸೊಪ್ಪಿನ ಪಲ್ಯ ತೋರಿಸಿದರು: ಪಾರಣೆಯ ಸೊಪ್ಪು, ಅದೂ ಕಹಿಯೇ, ಹುಡುಗಿಗೆ ಏನು ಗೊತ್ತು. ಹೀರೆಯ ಪಲ್ಯ ಅರ್ಧ ಮುಗಿದಿತ್ತು. ಅವರು ಇನ್ನೊಂದು ತುತ್ತು ಕಲಸಿದರು.

"ಪೆಂಟಮ್ಮನ ಅತ್ತಿ ಸತ್ತದ್ದು ಇದನ್ನ ತಿಂದಽ! ನಿಮ್ಮ ಕಾಲಿಗೆ ಬೀಳ್ತೀನಿ!"

ತುತ್ತು ಬಾಯಿಗೆ ಹೋಯಿತು. ಕೈ ಮತ್ತೆ ಎಲೆಗೆ ಇಳಿಯಿತು. ಆಗ ಇಂದಿರಾಬಾಯಿ, ಸಗಣಿಯ ಕೈ, ಕೊಟ್ಟಿಗೆಯ ಸೀರೆ, ಮುಂದೆ ಬಂದು ಅತ್ತೆಯ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆರು ವರ್ಷದಲ್ಲಿ ಊಟದ ಹೊತ್ತಿಗೆ ಅತ್ತೆಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಮೈಲಿಗೆಯವರು ಮುಟ್ಟಿದ ಮೇಲೆ ಎಲೆಯಿಂದ ಏಳಲೇಬೇಕು. ಅಷ್ಟೇ ಅಲ್ಲ, ಹಾಗೆ ಎದ್ದರೆ ಮರುದಿನ ಹೊತ್ತು ಹುಟ್ಟುವತನಕ ಬಾಯಿಗೆ ನೀರೂ ಹಾಕುವುದಿಲ್ಲವೆಂಬುದು ಜಯಾಬಾಯಿಯವರು ವಿಧವೆಯಾದಾಗಿನಿಂದ ನಡೆಸಿದ ನೇಮ. ಅವರು ಎದ್ದರು. ಬಾವಿಗೆ ಹೋಗಿ ಎರಡು ಕೊಡ ನೀರು ತಲೆಯ ಮೇಲೆ ಸುರಿದುಕೊಂಡರು. ಮೂರನೆಯ ಕೊಡ ಸೇದಲಿಕ್ಕೆ ಆಗಲಿಲ್ಲ. ಬಾವಿಯ ಕಲ್ಲಿನ ಮೇಲೆ ಕೂತವರು ಕಾರಿಕೊಳ್ಳತೊಡಗಿದರು.

ಸದ್ದು ಕೇಳಿ ಪೆಂಟಮ್ಮ ಬೇಲಿ ದಾಟಿ ಬಂದಳು. ಹಿಂದೆಯೇ ಅವಳ ಗಂಡ ಆಶಪ್ಪ. ವೈದ್ಯರನ್ನು ಕರೆಯಲು ಓಡಿದ ಆಶಪ್ಪ ಬೇಗನೆ ಬರಿಗೈಯಲ್ಲಿ ಬಂದ. "ವೈದ್ಯರು ನಾರಾಯಣಪೇಟಿಗೆ ಹೋಗ್ಯಾರಂತ್ರಿ. ನಾಳಿ ಸಂಜಿಗೆ ಬರ್ತಾರಂತ."

ಜಯಾಬಾಯಿಯವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಹೊಟ್ಟೆಯಲ್ಲಿದ್ದದ್ದೆಲ್ಲ ಹೋಗಿ ಬರೀ ಹಸಿರು ನೀರು ಬರುತ್ತಿತ್ತು. ತುಟಿ ಒಣಗಿ ಬಿರಿದಿದ್ದವು.

"ನೀರು ಕುಡಸ್ರಿ ಬಾಯಾರ," ಪೆಂಟಮ್ಮ ಪಿಸುಗುಟ್ಟಿದಳು. "ನಮ್ಮ ಸಣ್ಣತ್ತಿ ಹೋದದ್ದು ನೀರಿಲ್ಲದ. ನಿನ್ನೆ ಇಡೀ ದಿನ ಉಪಾಸ, ಇವತ್ತು ಹಿಂಗ. ನಾಳಿತನಕ ಈ ಜೀವ ನಿಲ್ಲಂಗಿಲ್ಲ."

ಇಂದಿರಾಬಾಯಿ ಬಾವಿಯಲ್ಲಿ ಮಿಂದು ಒದ್ದೆ ಸೀರೆಯಲ್ಲಿ ತಂಬಿಗೆ ತುಂಬಿಕೊಂಡು, ತುಳಸಿ ಹಾಕಿ ತಂದಳು. ಜಯಾಬಾಯಿಯವರು ಮುಖ ಹೊರಳಿಸಿದರು.

"ಇವತ್ತಿಂದು ಮುಗೀತು," ಎಂದರು. ಅಷ್ಟೇ. ಹಲ್ಲು ಕಚ್ಚಿಕೊಂಡರು.

ಮುಟ್ಟಿ ಉಳಿಸಿದವಳು ಮುಟ್ಟಿಯೇ ಕೊಲ್ಲುತ್ತಿದ್ದಾಳೆ ಎಂದು ಅವಳಿಗೆ ಹೊಳೆಯಿತು. ಅತ್ತು ಕರೆದರೆ ಈ ಬಾಯಿ ತೆರೆಯದು. ನೇಮಕ್ಕೆ ನೇಮವೇ ಬೀಗದಕೈ ಆಗಬೇಕು. ಅವಳು ಒಂದೊಂದೇ ಮಾತು ಆಯ್ದು ಇಟ್ಟಳು.

"ಅತ್ಯಾ, ನಿಮ್ಮ ಪಾರಣಿ ಆಗೇ ಇಲ್ಲ. ದಶಮಿ ದಿನ ನಾ ಕಾಯಿ ಹರದು ತಿಂದೀನಿ. ಮೀಸಲು ಮುರದದ. ಎಂಜಲಾದ ಬಳ್ಳಿ ಕಾಯಿ ದೇವರಿಗೆ ತೋರಿಸಿದ್ರ ಅದು ನೈವೇದ್ಯ ಅಲ್ಲ. ಅದನ್ನ ಉಂಡದ್ದು ಊಟ ಅಲ್ಲ. ಊಟ ಅಲ್ಲದ ಮ್ಯಾಲ ಎಲಿಯಿಂದ ಎದ್ದ ನೇಮಾನೂ ಇಲ್ಲ. ದ್ವಾದಶಿ ಇನ್ನೂ ಅದ. ತೀರ್ಥ ತೊಗೊಂಡು ಪಾರಣಿ ಮಾಡ್ರಿ."

ಜಯಾಬಾಯಿಯವರ ಕಣ್ಣು ತೆರೆದವು. ಆ ಸ್ಥಿತಿಯಲ್ಲೂ ಅವು ಲೆಕ್ಕ ತಪ್ಪುವ ಕಣ್ಣುಗಳಲ್ಲ.

"ಯಾವ ಬಳ್ಳಿದು?"

ಒಂದೊಂದು ಬಳ್ಳಿಯ ಮೀಸಲು ಒಂದೊಂದು, ಅದು ಇಬ್ಬರಿಗೂ ಗೊತ್ತು. ಬಾವಿಯದು ಎಂದರೆ ಕೊಟ್ಟಿಗೆಯ ಕಾಯಿ ಶುದ್ಧ, ನೈವೇದ್ಯ ಶುದ್ಧ, ಪಾರಣೆ ಆಗಿಹೋಯಿತು, ಬಾಯಿ ಮುಚ್ಚಿಯೇ ಇರುತ್ತದೆ. ಕೊಟ್ಟಿಗೆಯದು ಎಂದರೆ ಬಾಯಿ ತೆರೆದೀತು. ಆದರೆ ಕೊಟ್ಟಿಗೆಯ ಕಾಯಿ ತಿಂದವಳಿಗೆ ಅದರ ರುಚಿಯೂ ಗೊತ್ತಿರಬೇಕಲ್ಲ.

"ಕೊಟ್ಟಿಗಿದು," ಎಂದಳು ಇಂದಿರಾಬಾಯಿ.

"ಕಹಿ ಇತ್ತೇನು?"

"ಇತ್ತು."

"ಮತ್ತ ಸುಮ್ನಿದ್ದಿ."

ಪೆಂಟಮ್ಮ ಮುದುಕಿಯ ಕಾಲು ತಿಕ್ಕುತ್ತಿದ್ದ ಕೈ ನಿಲ್ಲಿಸಿ ಇಂದಿರಾಬಾಯಿಯ ಮುಖ ನೋಡಿದಳು. ಆಮೇಲೆ ತಲೆ ಬಗ್ಗಿಸಿ ಮತ್ತೆ ಕಾಲು ತಿಕ್ಕತೊಡಗಿದಳು.

ಜಯಾಬಾಯಿಯವರು ತೀರ್ಥಕ್ಕೆ ಅಂಗೈ ಚಾಚಿದರು. ಒಂದು ಉದ್ಧರಣೆ, ಎರಡು, ಮೂರು. ಆಮೇಲೆ ತಂಬಿಗೆಯ ನೀರು ಗುಟುಕು ಗುಟುಕಾಗಿ. ಕುಡಿಯುವಷ್ಟು ಹೊತ್ತೂ ತಂಬಿಗೆಯ ಅಂಚಿನ ಮೇಲಿಂದ ಅವರ ಕಣ್ಣು ಸೊಸೆಯನ್ನು ಬಿಡಲಿಲ್ಲ. ಮೊದಲ ತಂಬಿಗೆಯ ನೀರು ಹೊರಗೆ ಬಂತು. ಎರಡನೆಯದರಲ್ಲಿ ಅರ್ಧ ನಿಂತಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೂರನೆಯದು ಪೂರ್ತಿ ನಿಂತಿತು.

ಮರುದಿನ ವೈದ್ಯರು ಬಂದು ನಾಡಿ ನೋಡಿ, ಗಂಡಾಂತರ ಕಳೆಯಿತು ಎಂದರು. ಅದರ ಮರುದಿನ ಜಯಾಬಾಯಿಯವರು ಗೋಡೆ ಹಿಡಿದುಕೊಂಡು ಎದ್ದರು. ತಾವೇ ಅರ್ಧ ಕೊಡ ನೀರು ಸೇದಿದರು, ತಾವೇ ಒಯ್ದರು. ಅಡಿಗೆಮನೆಯ ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಬಿದ್ದ ಸದ್ದನ್ನು ಇಂದಿರಾಬಾಯಿ ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ. ಗಂಜಿ ಬೇಯಿಸಿಕೊಂಡು ಒಬ್ಬರೇ ಕುಡಿದರು. ಸಂಜೆಗೂ ಹಾಗೆಯೇ. ಕಹಿ ಗೊತ್ತಿದ್ದೂ ಉಣಬಿಟ್ಟಳೆಂದು ಅತ್ತೆ ತಿಳಿದಿದ್ದಾರೆ. ನಿಜ ಹೇಳಿದರೆ? ನಿಜ ಹೇಳಿದರೆ, ಸುಳ್ಳು ಹೇಳಿ ನೇಮ ಮುರಿಸಿ ನೀರು ಕುಡಿಸಿದಳೆಂದು ಆ ಮುದುಕಿ ಏನು ಮಾಡಿಕೊಳ್ಳುವರೋ, ಯಾವ ಉಪವಾಸ ಹಿಡಿಯುವರೋ. ಅವಳು ಹೇಳಲಿಲ್ಲ. ಏಣಿ ಹಾಕಿ ಕೊಟ್ಟಿಗೆಯ ಬಳ್ಳಿಯನ್ನು ಬುಡಸಮೇತ ಕಿತ್ತಳು. ಕಿಟಕಿಯ ಸಂದಿನಿಂದ ಯಾರೋ ನೋಡುತ್ತಿದ್ದಾರೆಂದು ಬೆನ್ನಿಗೆ ಗೊತ್ತಾಗುತ್ತಿತ್ತು.

ಆರನೆಯ ದಿನ ಅಂಗಳದಲ್ಲಿ ಚಕ್ಕಡಿ ನಿಂತಿತು. ವಿಜಯೀಂದ್ರ ದೂಳು ಮೆತ್ತಿದ ಮೈಯಲ್ಲಿ ಇಳಿದು, ಪಡಸಾಲೆ ಖಾಲಿಯಿದ್ದುದನ್ನು ಕಂಡು, "ಅವ್ವ ಎಲ್ಲಿ?" ಎಂದ.

ಇಂದಿರಾಬಾಯಿ ಕಾಲಿಗೆ ನೀರು ತಂದವಳು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಡಿಗೆಮನೆಯ ಚಿಲಕ ಸರಿಯಿತು. ಬಾಗಿಲು ಒಬ್ಬರು ನುಸುಳುವಷ್ಟೇ ತೆರೆಯಿತು.

"ವಿಜಯಾ," ಒಳಗಿನಿಂದ ಜಯಾಬಾಯಿಯವರ ದನಿ ಬಂತು. "ಆ ನೀರು ಮುಟ್ಟಬ್ಯಾಡ. ಒಳಗ ಬಾ. ನೀ ಒಬ್ಬನಽ ಬಾ."