ನಾಲ್ಕೂವರೆ ಅಡಿ ಕೆಳಗಿನ ರಾಜ

“ಏ ಉಚ್ಚಂಗೀ, ನಿನ್ನ ಒಲೆಗೆ ಬೆಂಕಿ ಬೀಳ! ಎಷ್ಟು ಸಲ ಕೂಗೋದೇ? ಗುದ್ದಲಿ ತಗಂಡು ಬಾರೇ ಮುಂಡೇದೆ!”

“ಬೆಂಕಿ ಹತ್ತುತಿಲ್ಲ ಅಂತಲೇ ಊದ್ತಾ ಕೂತಿದೀನಿ ಕರಿಯಣ್ಣ,” ಎಂದಳು ಉಚ್ಚಂಗಮ್ಮ, ಕಣ್ಣೊರೆಸಿಕೊಳ್ಳುತ್ತಾ. ಕಾರ್ಖಾನೆಯ ಬೂದಿಗುಡ್ಡೆಯಿಂದ ಆರಿಸಿ ತಂದ ಅರೆಬೆಂದ ಇದ್ದಿಲು ಇಬ್ಬನಿಗೆ ನೆನೆದು ಬರೀ ಹೊಗೆ ಕಾರುತ್ತಿತ್ತು.

ಕರಿಯಣ್ಣ ಹೈಸ್ಕೂಲಿನ ಜವಾನ. ಕೇರಿಯೊಳಗೆ ಕಾಲಿಡದೆ ದಾರಿಯಲ್ಲೇ ನಿಂತು ಕೂಗುವುದು ಅವನ ಪದ್ಧತಿ. “ಮಧ್ಯಾಹ್ನ ಶಿವಮೊಗ್ಗದಿಂದ ಸ್ಕೂಲ್ ಇನ್‌ಸ್ಪೆಟ್ರು ಬರ್ತಾರೆ. ಸ್ಟೇಜಲ್ಲಿ ಗುಂಡಿ ತೋಡ್ಬೇಕು. ಪ್ರೆಸಿಡೆಂಟ್ರು ಹೇಳಿದಾರೆ.”

ಸ್ಟೇಜಿನಲ್ಲಿ ಗುಂಡಿ ಯಾಕೆಂದು ಉಚ್ಚಂಗಮ್ಮ ಕೇಳಲಿಲ್ಲ. ತೋಡು ಎಂದವರನ್ನು ಯಾಕೆ ಎಂದು ಕೇಳಿ ಅಭ್ಯಾಸವಿರಲಿಲ್ಲ. ಮಗಳು ಶೇಷಮ್ಮನ ಜಡೆಗೆ ರಿಬ್ಬನ್ ಕಟ್ಟಿ ಮುಗಿಸಿ ಗುದ್ದಲಿ ಹೆಗಲಿಗೇರಿಸಿದಳು.

ಹೈಸ್ಕೂಲಿನಲ್ಲಿ ಆ ವರ್ಷ ನಾಟಕವೂ ಒಂದು ಸಬ್ಜೆಕ್ಟಾಗಿತ್ತು. ಐವತ್ತು ಮಾರ್ಕು. ಆಡಿ ತೋರಿಸಿದವರು ಪಾಸು, ತೋರಿಸದವರು ಫೇಲು. ಒಂದು ಸಬ್ಜೆಕ್ಟಿನಲ್ಲಿ ಫೇಲಾದರೂ, ಫೀಜು ಮಾಫಿ ಮಾಡುವ ಫ್ರೀಷಿಪ್ ಹೋಗುತ್ತಿತ್ತು. ಅದು ಹೋದರೆ ಶೇಷಿಯ ಕೈಗೂ ಬೂದಿಗುಡ್ಡೆಯ ಬುಟ್ಟಿ.

“ನಿಂದ್ಯಾವ ಪಾರ್ಟು ಮಗಾ?” ಎಂದು ಕೇಳಿದಾಗೆಲ್ಲ ಹುಡುಗಿ ನೆಲ ನೋಡಿಕೊಂಡು, “ರಾಜಂದು ಕಣವ್ವ,” ಅನ್ನುತ್ತಿದ್ದಳು. ಅಷ್ಟು ದೊಡ್ಡ ಪಾರ್ಟು ಸಿಕ್ಕಿದವಳು ನೆಲ ಯಾಕೆ ನೋಡುತ್ತಾಳೆ ಎಂಬುದು ತಾಯಿಗೆ ತಿಳಿದಿರಲಿಲ್ಲ.

ಮಣ್ಣಿನ ವೇದಿಕೆಯ ನಡುವೆ ನಾಟಕದ ಮೇಷ್ಟ್ರು ಚೌಡಯ್ಯ ಸುಣ್ಣದಲ್ಲಿ ಚೌಕ ಬರೆದಿದ್ದರು. ಶಾಲಾ ಕಮಿಟಿಯ ಪ್ರೆಸಿಡೆಂಟ್ ಉಜ್ಜನಪ್ಪ ಬೆತ್ತದ ಕುರ್ಚಿಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತಿದ್ದರು.

“ಮೇಷ್ಟ್ರೆ, ಇವಳು ಸ್ಟೇಜ್ ಹತ್ತಬಹುದಾ?”

“ಅಗಿಯೋಕೆ ಹತ್ತಬಹುದು ಸಾರ್. ಆಮೇಲೆ ಸಗಣಿ ಹಾಕಿ ಸಾರಿಸಿದ್ರೆ ಶುದ್ಧ.”

“ಸಾರಿಸೋರು ಯಾರು?”

ಮೇಷ್ಟ್ರು ಸುತ್ತ ನೋಡಿದರು. “ಇವಳೇ ಸಾರ್.”

ಉಚ್ಚಂಗಮ್ಮ ಅಗೆಯತೊಡಗಿದಳು. ಮೇಲೆ ಆಳದ ಚರ್ಚೆ ನಡೆಯಿತು.

“ಎಷ್ಟು ಕೆಳಗೆ ಹೋದ್ರೆ ಮೈಲಿಗೆ ತಟ್ಟಲ್ಲ? ಸಿಂಹಾಸನಕ್ಕೆ ಇಡ್ತಿರೋದು ನಮ್ಮನೆ ಕುರ್ಚಿ. ಗುರುಗಳು ಕೂತು ಪಾದಪೂಜೆ ಮಾಡಿಸ್ಕೊಂಡಿದ್ದು.”

“ಶಾಸ್ತ್ರದಲ್ಲಿ ಹುಡುಕಿದೆ ಸಾರ್. ಅಳತೆ ಕೊಟ್ಟಿಲ್ಲ. ಎರಡಡಿ?”

“ಎರಡಡೀಲಿ ಗೆಣಸು ಬೆಳೀತೀವಿ, ನಾವೇ ತಿಂತೀವಿ. ಇನ್ನೂ ಕೆಳಗೆ.”

“ಆರಡಿ?”

“ಆರಡಿ ಹೆಣಕ್ಕೆ ತೋಡೋದು ಮಾರಾಯ! ಒಳ್ಳೆ ಕೆಲಸದಲ್ಲಿ ಅದೆಲ್ಲ ಬೇಡ.”

ನಾಲ್ಕೂವರೆಗೆ ಇತ್ಯರ್ಥವಾಯಿತು. ಉಚ್ಚಂಗಮ್ಮನ ತಲೆ ಮಾತ್ರ ಮೇಲೆ ಕಾಣುವ ಹೊತ್ತಿಗೆ ಉಜ್ಜನಪ್ಪ ಬಗ್ಗಿ ಕೇಳಿದರು. “ಏಯ್, ನಿನ್ನ ಮಗಳು ಎತ್ತರದಲ್ಲಿ ನಿನ್ನ ಎಲ್ಲಿವರೆಗೆ ಬರ್ತಾಳೆ?”

ಅವಳು ಹೆಗಲು ಮುಟ್ಟಿ ತೋರಿಸಿದಳು. ಕರಿಯಣ್ಣ ಗುಂಡಿಯ ಗೋಡೆಗೆ ಅಲ್ಲಿಗೆ ಸುಣ್ಣದ ಗೆರೆ ಎಳೆದ. ಆ ಗೆರೆಯನ್ನೇ ನೋಡುತ್ತಾ ನಿಂತವಳ ಕೈಯಿಂದ ಗುದ್ದಲಿ ಜಾರಿತು.

“ಇದ್ರೊಳಗೆ ನನ್ನ ಮಗೀನಾ ಬುದ್ಧಿ?”

“ಮತ್ತೆ?” ಎಂದರು ಉಜ್ಜನಪ್ಪ. “ರಾಜನ ವೇಷ ನನ್ನ ಮಗ ವೀರಪ್ಪಂದು. ಅವನಿಗೆ ಗಂಟಲು ಒಡೆದು ಕತ್ತೆ ಕೂಗಿದ ಹಾಗೆ ಬರುತ್ತೆ. ಮಾತೂ ನೆನಪಿರಲ್ಲ ಬೋಳಿಮಗನಿಗೆ. ಮೇಲೆ ಅವನು ಬಾಯಾಡಿಸ್ತಾನೆ, ಕೆಳಗಿಂದ ಇವಳು ಮಾತಾಡ್ತಾಳೆ. ಒಂದು ತಿಂಗಳಿಂದ ಕ್ಲಾಸಿನ ಕಿಟಕಿ ಆಚೆ ನಿಲ್ಲಿಸಿ ಪ್ರಾಕ್ಟೀಸ್ ಮಾಡ್ಸಿದೀವಿ.”

ಚೌಡಯ್ಯ ಮೇಷ್ಟ್ರು ಸಮಾಧಾನದ ದನಿಯಲ್ಲಿ, “ನಾಟಕ ಕಲಿಯೋದ್ರ ಬೆಲೆ ಇದ್ರಲ್ಲೇ ಇರೋದು ಕಣಮ್ಮ. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತು ನೋಡೋದು,” ಎಂದರು.

ಅಷ್ಟರಲ್ಲಿ ಅಂಚಿಗೆ ಬಂದು ನಿಂತಿದ್ದ ಶೇಷಿ ಬಾಯಿ ತೆರೆದಳು. “ಸಾ, ಹಂಗಾದ್ರೆ...”

“ಪ್ರಶ್ನೆ ಆಮೇಲೆ. ಇಳಿ.”

ಉಚ್ಚಂಗಮ್ಮ ಮಗಳನ್ನು ಸೊಂಟ ಹಿಡಿದು ಇಳಿಸಿಕೊಂಡಳು. ರಿಬ್ಬನ್‌ಗೆ ಮೆತ್ತಿದ ಮಣ್ಣು ಕೊಡವಿ ಕಿವಿಯಲ್ಲಿ ಹೇಳಿದಳು. “ಬಾಯ್ ಮುಚ್ಕಂಡಿರವ್ವ. ಅವ್ರು ಹೇಳ್ಕೊಟ್ಟಿದ್ದಷ್ಟೇ ಮಾತಾಡು. ಮಾರ್ಕು ಬರ್ಲಿ.” ಹುಡುಗಿ ತಲೆಯಾಡಿಸಿದಳು. ತಾಯಿ ಮೇಲೆ ಹತ್ತಿದ ಮೇಲೆ ಗುಂಡಿಗೆ ಹಲಗೆ ಮುಚ್ಚಿದರು. ಉಚ್ಚಂಗಮ್ಮ ಅದರ ಸುತ್ತ ಸಗಣಿ ಸಾರಿಸಿ, ಶುದ್ಧ ಮಾಡಿ, ಕೆಳಗಿಳಿದಳು. ಮೇಲೆ ಗುರುಗಳ ಕುರ್ಚಿ ಬಂತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಬಂದರು. ಉಜ್ಜನಪ್ಪ ಹಲಗೆಯ ಮೇಲೇ ನಿಂತು ಭಾಷಣ ಮಾಡಿದರು. ನಾಟಕ ಸಬ್ಜೆಕ್ಟಾಗಿ ಬಂದ ಮೇಲೆ ಮಕ್ಕಳಿಗೆ ಧೈರ್ಯ ಬಂದಿದೆ, ಪರರ ಕಷ್ಟ ತಿಳಿದಿದೆ, ಮೇಲು ಕೀಳು ಮಾಯವಾಗಿದೆ ಎಂದರು. ಒಂದೊಂದು ಮಾತಿಗೂ ಕಾಲು ಕುಟ್ಟುತ್ತಿದ್ದರು. ಬೇಲಿಯಾಚೆ ಕೂತ ಉಚ್ಚಂಗಮ್ಮನಿಗೆ, ಆ ಹೆಜ್ಜೆಗೆ ಮಗಳ ತಲೆಯ ಮೇಲೆ ಎಷ್ಟು ಮಣ್ಣು ಉದುರುತ್ತಿದೆ ಎಂಬುದೊಂದೇ ಲೆಕ್ಕ.

ನಾಟಕ ಶುರುವಾಯಿತು. ವೀರಪ್ಪ ಕಿರೀಟ ಇಟ್ಟುಕೊಂಡು ಬಾಯಿ ತೆರೆದ. ನೆಲದಿಂದ ರಾಜನ ದನಿ ಎದ್ದಿತು. ಕಾರ್ಖಾನೆಯ ಸದ್ದನ್ನೂ ಮೀರಿಸಿ, “ಅವ್ವಾ, ಲಾರಿ ಬಂತು, ಸರ್ಕೋ!” ಎಂದು ಬೂದಿಗುಡ್ಡೆಯಲ್ಲಿ ಕೂಗಿ ಕೂಗಿ ಪಳಗಿದ ದನಿ ಅದು. ಇನ್‌ಸ್ಪೆಕ್ಟರ್ ನೆಟ್ಟಗೆ ಕೂತರು. ನಡುವೆ ವೀರಪ್ಪ ಎರಡು ಸಲ ಸೀನಿದ. ಮಾತು ನಿಲ್ಲದೆ ಹರಿಯಿತು. ‘ಅಭಿನಯದಲ್ಲಿ ಹೊಸತನ’ ಎಂದು ಇನ್‌ಸ್ಪೆಕ್ಟರ್ ಬರೆದುಕೊಂಡದ್ದನ್ನು ಮೇಷ್ಟ್ರು ಇಣುಕಿ ನೋಡಿ, ಓದಿ ಹೇಳಿ, ಚಪ್ಪಾಳೆ ಹೊಡೆಸಿದರು.

ನಾಟಕ ಮುಗಿಯಿತು. ಪಾತ್ರಧಾರಿಗಳಿಗೆಲ್ಲ ವೇದಿಕೆಯಲ್ಲೇ ಬಾಳೆಹಣ್ಣು ಹಂಚಿದರು. ಇನ್‌ಸ್ಪೆಕ್ಟರ್ ರಿಜಿಸ್ಟರ್ ಬಿಡಿಸಿ ಎಲ್ಲರೆದುರು ಓದತೊಡಗಿದರು.

“ವೀರಪ್ಪ, ನಲವತ್ತೆಂಟು. ಏನು ಕಂಠ ರೀ! ... ಶೇಷಮ್ಮ? ಎಲ್ಲೂ ಕಾಣಲಿಲ್ಲವಲ್ಲ?”

ಮೇಷ್ಟ್ರು ಪ್ರೆಸಿಡೆಂಟರ ಮುಖ ನೋಡಿದರು. ಪ್ರೆಸಿಡೆಂಟರು ಆಕಾಶ ನೋಡಿದರು.

“ಗೈರುಹಾಜರು, ಸಾರ್,” ಎಂದರು ಮೇಷ್ಟ್ರು.

“ಹಾಗಾದ್ರೆ ಸೊನ್ನೆ,” ಎಂದು ಇನ್‌ಸ್ಪೆಕ್ಟರ್ ಪೆನ್ನು ತೆಗೆದರು.

ಬೇಲಿಯಾಚೆ ಉಚ್ಚಂಗಮ್ಮ ಎದ್ದು ನಿಂತಳು. “ಕೂತ್ಕೊಳೇ ಲೌಡಿ!” ಎಂದು ಕರಿಯಣ್ಣ ಹಲ್ಲು ಕಚ್ಚಿದ. ಅವಳು ಕೂರಲಿಲ್ಲ. ಹುಟ್ಟಿದಾಗಿನಿಂದ ಅಷ್ಟು ಜನರ ನಡುವೆ ಎತ್ತದ ದನಿ ಎತ್ತಿದಳು.

“ಶೇಸೀ! ಕೇಳವ್ವಾ! ಅದೇನು ಕೇಳಬೇಕಂತಿದ್ಯೋ ಕೇಳು!”

ಸಿಂಹಾಸನದಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ ವೀರಪ್ಪ, ಕೆಳಗಿನಿಂದ ಉಸಿರೆಳೆದ ಸದ್ದು ಬಂದದ್ದೇ ತಡ, ತಿಂಗಳ ಅಭ್ಯಾಸಕ್ಕೆ ನೆಟ್ಟಗಾದ. ಬಲಗೈ ಎತ್ತಿ, ಎದೆಯುಬ್ಬಿಸಿ, ಸಭೆಗೆ ಮುಖ ಮಾಡಿದ. ಅವನ ತುಟಿಗಳು ಆಡಿದವು. ರಾಜನ ದನಿ ನೆಲ ಸೀಳಿಕೊಂಡು ಬಂತು.

“ಸಾ, ನಾನು ಬಂದೇ ಇಲ್ಲ ಅಂದ್ರೆ, ಇಷ್ಟೊತ್ತು ನಿಮ್ಮ ಮುಂದೆ ಮಾತಾಡ್ದೋರು ಯಾರು ಸಾ?”