ಮಾಳಿಗೆಕಟ್ಟೆಯ ಹೊಸ ಹೆಡ್‌ಮೇಡಂ

ಪಾವಗಡದ ಗಡಿಯ ಊರಾದರೂ ಸರಿ, ಮಾಳಿಗೆಕಟ್ಟೆ ಮಾತ್ರ ತಗೋಬೇಡ ಎಂದು ರಂಗರಾಜು ಹೆಂಡತಿ ಕೋಮಲಾಗೆ ಮನೆಯಲ್ಲೂ ಹೇಳಿದ್ದ, ತುಮಕೂರಿನ ಬಸ್ಸಿನಲ್ಲೂ ಹೇಳಿದ್ದ.

ಇಬ್ಬರೂ ತುರುವೇಕೆರೆ ತಾಲ್ಲೂಕಿನ ಮಾಳಿಗೆಕಟ್ಟೆ ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳು. ಅವನು ಕನ್ನಡ, ಕೋಮಲಾ ಗಣಿತ. ಹಳೆಯ ಹೆಡ್‌ಮಾಸ್ಟರ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರದೆ, ಹಿರಿಯನೆಂದು ರಂಗರಾಜುವೇ ಎರಡು ವರ್ಷದಿಂದ ಪ್ರಭಾರ ನೋಡಿಕೊಳ್ಳುತ್ತಿದ್ದ. ಹೆಡ್‌ಮಾಸ್ಟರ್ ಹುದ್ದೆಗಳಿಗೆ ಅರ್ಜಿ ಕರೆದಾಗ ಗಂಡ ಹೆಂಡಿರಿಬ್ಬರೂ ಹಾಕಿದರು, ಒಟ್ಟಿಗೇ ಕೂತು ಓದಿದರು. ಆಯ್ಕೆಯಾದದ್ದು ಕೋಮಲಾ ಒಬ್ಬಳೇ. ಅವತ್ತು ಸ್ಟಾಫ್‌ರೂಮಿಗೆ ಮೈಸೂರುಪಾಕು ತಂದು ಹಂಚಿದವನು ರಂಗರಾಜುವೇ. ತಾನು ಕೂರುತ್ತಿದ್ದ ಕುರ್ಚಿಗೇ ಹೆಂಡತಿ ಬರಬಹುದು ಎಂಬ ಯೋಚನೆ ಆಗ ಅವನಿಗಿರಲಿಲ್ಲ.

ಕೌನ್ಸೆಲಿಂಗ್ ಹಾಲಿನಲ್ಲಿ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಊರು ಆರಿಸಿಕೊಳ್ಳಲು ಕರೆಯುತ್ತಿದ್ದರು. ಕೋಮಲಾ ನೆಚ್ಚಿಕೊಂಡಿದ್ದದ್ದು ಅಮ್ಮಸಂದ್ರವನ್ನು. ಅವಳಿಗಿಂತ ಮುಂಚೆ ಹೋದ ಹೆಂಗಸು ಅದನ್ನೇ ತೆಗೆದುಕೊಂಡು ವೇದಿಕೆಯಿಂದ ಕೆಳಗಿಳಿದಳು. ಹತ್ತಿರದ್ದು ಇನ್ನು ಮಾಳಿಗೆಕಟ್ಟೆ ಒಂದೇ. ಉಳಿದವೆಲ್ಲ ಪಾವಗಡ, ಶಿರಾದ ಕಡೆಯವು.

"ಯಾವೂರು ಮೇಡಂ? ಹಿಂದೆ ಜನ ಕಾಯ್ತಿದ್ದಾರೆ" ಎಂದರು ಅಧಿಕಾರಿ.

ಕೋಮಲಾ ತಿರುಗಿ ನೋಡಿದಳು. ಬಾಗಿಲ ಬಳಿ ನಿಂತಿದ್ದ ರಂಗರಾಜು ಬೇಡವೆಂದು ತಲೆಯಾಡಿಸಿದ.

"ಮಾಳಿಗೆಕಟ್ಟೆ, ಸರ್."

ಅವಳು ಹೊರಗೆ ಬರುವಷ್ಟರಲ್ಲಿ ರಂಗರಾಜು ಬಸ್‌ಸ್ಟ್ಯಾಂಡಿನ ಕಡೆ ಹೊರಟಾಗಿತ್ತು. ತಿಪಟೂರಿನ ಬಸ್ಸಿನಲ್ಲಿ ಅವಳ ಪಕ್ಕದಲ್ಲೇ ಕೂತ.

"ಯಾಕೆ ಹಂಗ್ ಮಾಡ್ದೆ?" ಎಂದು ಗುಬ್ಬಿ ದಾಟಿದ ಮೇಲೆ ಕೇಳಿದ.

"ಮಗು ಬಿಟ್ಟು ಅಷ್ಟು ದೂರ ಹೆಂಗ್ರೀ ಹೋಗ್ಲಿ?"

"ಮಗೂನ ಅವ್ವ ನೋಡ್ಕತಿತ್ತು. ನಿನಗೂ ಗೊತ್ತು." ಅವನು ಮುಖ ಕಿಟಕಿಗೆ ತಿರುಗಿಸಿದ.

ಮನೆಯಲ್ಲಿ ಅತ್ತೆ ಕ್ಯಾತಮ್ಮ ಮೊಮ್ಮಗಳಿಗೆ ಉಣ್ಣಿಸುತ್ತಿದ್ದಳು. ಹುಳಿಯಾರಿನ ಕಡೆಯ ಹಟ್ಟಿಯಲ್ಲಿ ಕುರಿ ಕಾಯುತ್ತಾ ಮಗನನ್ನು ಓದಿಸಿದ ಹೆಂಗಸು. ಎಲ್ಲ ಕೇಳಿಸಿಕೊಂಡು, "ಗಂಡನ್ ಕುರ್ಚಿ ಮ್ಯಾಲೆ ಕುಂತ್ಕತೀಯಾ ಅನ್ನು" ಎಂದಳು. ಅದು ಬೈಗುಳವೋ ಬೆರಗೋ ಕೋಮಲಾಗೆ ತಿಳಿಯಲಿಲ್ಲ.

ಹೊಸ ಹುದ್ದೆಗೆ ಹಾಜರಾಗಬೇಕಾದ ದಿನ ರಂಗರಾಜು ಹೊತ್ತಿಗೆ ಮುಂಚೆಯೇ ಸ್ಕೂಟರ್ ಹತ್ತಿ ಹೋಗಿದ್ದ. ಕೋಮಲಾ ಬಸ್ಸಿಳಿದು ಶಾಲೆಗೆ ಬಂದರೆ ಆಫೀಸಿಗೆ ಬೀಗ. ಗುಮಾಸ್ತ ಸದಾಶಿವಯ್ಯ ಕೈ ಹೊಸೆಯುತ್ತಾ ನಿಂತಿದ್ದ.

"ಬೀಗದ್ ಕೈ ಸಾರ್ ಹತ್ರನೇ ಐತೆ ಮೇಡಂ. ಅವರಿನ್ನೂ ಬಂದಿಲ್ಲ."

ಮಕ್ಕಳೆಲ್ಲ ನೋಡುತ್ತಿದ್ದರು. ಮೇಷ್ಟ್ರುಗಳು ನೆಲ ನೋಡುತ್ತಿದ್ದರು. ಮನೆಗೆ ಹಿಂತಿರುಗಬೇಕು ಅನ್ನಿಸಿತು ಕೋಮಲಾಗೆ. ಆದರೆ ಬ್ಯಾಗನ್ನು ಜಗಲಿಯ ಮೇಲಿಟ್ಟು ಪ್ರಾರ್ಥನೆಯ ಬೆಲ್ ಹೊಡೆಸಿದಳು. ಮಕ್ಕಳು ತರಗತಿಗೆ ಹೋದ ಮೇಲೆ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಗಂಗಾಧರಯ್ಯನವರಿಗೆ ಹೇಳಿಕಳಿಸಿದಳು.

ಶಾಲೆಯ ಹಿಂದೆ ಹುಡುಗಿಯರಿಗೆಂದು ಕಟ್ಟಿದ ಶೌಚಾಲಯವಿತ್ತು. ಅದರ ತುಂಬ ಗಂಗಾಧರಯ್ಯನವರ ತೆಂಗಿನಕಾಯಿ, ಅದಕ್ಕೆ ಅವರದೇ ಬೀಗ. ಹುಡುಗಿಯರು ರಸ್ತೆಯಾಚೆಯ ತೋಟಕ್ಕೆ ಹೋಗಬೇಕಿತ್ತು. ದೊಡ್ಡವರಾದ ಮೇಲೆ ಎಷ್ಟೋ ಮಂದಿ ಶಾಲೆಗೇ ಬರುತ್ತಿರಲಿಲ್ಲ. ಖಾಲಿ ಮಾಡಿಸಿ ಎಂದು ಕೋಮಲಾ ಗಂಡನಿಗೆ ಎಷ್ಟು ಸಲ ಹೇಳಿದ್ದಳೋ. "ಊರಿನ ದೊಡ್ಡ ಮನುಷ್ಯರು, ನಿಧಾನಕ್ಕೆ ಹೇಳಣ ಬುಡು" ಎನ್ನುತ್ತಿದ್ದ ಅವನು.

ಗಂಗಾಧರಯ್ಯ ಬಂದು ಎಲ್ಲ ಕೇಳಿ ನಕ್ಕರು.

"ರಂಗರಾಜು ಮೇಷ್ಟ್ರು ಒಪ್ಪಿದ್ರು ಕಣಮ್ಮ."

"ಅವರು ಒಪ್ಪಿರಬಹುದು. ನಾನು ಒಪ್ಪಲ್ಲ. ಇವತ್ತೇ ಖಾಲಿ ಮಾಡ್ಸಿ."

"ಚಾರ್ಜೇ ತಗಂಡಿಲ್ವಲ್ಲಮ್ಮ ನೀನು. ಆಫೀಸ್ ಬಾಗ್ಲೇ ತೆಗ್ದಿಲ್ಲ."

ಅಷ್ಟರಲ್ಲಿ ಗೇಟಿನ ಹತ್ತಿರ ಸ್ಕೂಟರ್ ನಿಂತಿತು.

"ನೋಡಪ್ಪ ಮೇಷ್ಟ್ರೇ, ನಿನ್ ಹೆಂಡ್ತಿ ಏನಂತಾಳೆ" ಎಂದರು ಗಂಗಾಧರಯ್ಯ.

ರಂಗರಾಜು ಇಬ್ಬರ ಮುಖವನ್ನೂ ನೋಡಿದ. ಹೋಗಿ ಆಫೀಸಿನ ಬೀಗ ತೆಗೆದ. ಒಳಗೆ ಸದಾಶಿವಯ್ಯ ಚಾರ್ಜ್ ವಹಿಸಿಕೊಡುವ ಕಾಗದ ಮುಂದಿಟ್ಟಾಗ ಕುರ್ಚಿಯಲ್ಲಿ ಕೂರದೆ, ಬಗ್ಗಿ ಸಹಿ ಹಾಕಿದ. ಕೋಮಲಾ ಅದರ ಕೆಳಗೆ ಹಾಕಿದಳು. ಬೀಗದ ಕೈಗೊಂಚಲನ್ನು ಮೇಜಿನ ಮೇಲಿಟ್ಟು ರಂಗರಾಜು ಜಗಲಿಗೆ ಬಂದ.

"ಈಗ ತಗಂಡ್ರು" ಎಂದು ಗಂಗಾಧರಯ್ಯನವರಿಗೆ ಹೇಳಿ ಎಂಟನೇ ತರಗತಿಗೆ ನಡೆದ.

ಸಂಜೆಯೊಳಗೆ ಕಾಯಿಗಳೆಲ್ಲ ಗಾಡಿಗೆ ಏರಿದವು. ಗಂಗಾಧರಯ್ಯ ಕೋಮಲಾ ಕಡೆ ತಿರುಗಿಯೂ ನೋಡಲಿಲ್ಲ.

ರಾತ್ರಿ ಊಟವಾದ ಮೇಲೆ ಕೋಮಲಾ ತಾನಾಗಿಯೇ ಮಾತೆತ್ತಿದಳು. "ಬಸ್ಸಲ್ಲಿ ಸುಳ್ಳು ಹೇಳ್ದೆ. ಮಗೂಗೋಸ್ಕರ ಅಲ್ಲ. ನನಗೆ ಆ ಸ್ಕೂಲೇ ಬೇಕಿತ್ತು ಕಣ್ರೀ. ನೀವು ಆ ಶೌಚಾಲಯ ಖಾಲಿ ಮಾಡಿಸ್ಲಿಲ್ಲ ಅನ್ನೋ ಸಿಟ್ಟೂ ಇತ್ತು."

ರಂಗರಾಜು ಮಗಳ ಹೊದಿಕೆ ಸರಿಮಾಡಿದ.

"ಬೆಳಿಗ್ಗೆ ಕೆರೆ ಏರಿ ಮೇಲೆ ಕುಂತಿದ್ದೆ. ಬರಬಾರ್ದು ಅಂತಲೇ ಇದ್ದೆ" ಎಂದ. "ನಾನು ವರ್ಗ ಕೇಳ್ತೀನಿ. ನಿನ್ ಕೈ ಕೆಳಗೆ ನನ್ ಕೈಲಾಗಲ್ಲ. ನೀನು ತಪ್ಪು ಮಾಡ್ದೆ ಅಂತ ಅಲ್ಲ."

"ಪರೀಕ್ಷೆ ಮುಗಿಯೋತನಕ ಇರಿ."

"ಇರ್ತೀನಿ."

ಮಾತಿನಂತೆ ಇದ್ದ. ಹತ್ತನೆಯವರಿಗೆ ಭಾನುವಾರವೂ ಪಾಠ ಮಾಡಿದ. ಶಾಲೆಯಲ್ಲಿ ಅವಳನ್ನು ಮೇಡಂ ಎನ್ನುತ್ತಿದ್ದ, ಮನೆಯಲ್ಲಿ ಎಷ್ಟೋ ದಿನ ಏನೂ ಎನ್ನುತ್ತಿರಲಿಲ್ಲ. ಜೂನಿನಲ್ಲಿ ಚಿಕ್ಕನಾಯಕನಹಳ್ಳಿಗೆ ವರ್ಗವಾಯಿತು.

ಬೀಳ್ಕೊಡುಗೆಯ ದಿನ ಹೆಡ್‌ಮೇಡಂ ಮಾತಾಡಬೇಕಿತ್ತು. ಎದ್ದು ನಿಂತ ಕೋಮಲಾಗೆ ಮೊದಲ ಪದವೇ ಹೊರಡಲಿಲ್ಲ. ಮದುವೆಯಾದಾಗಿನಿಂದ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಮಕ್ಕಳು ಕಾದರು.

"ನಮ್ಮ ರಂಗರಾಜು ಮೇಷ್ಟ್ರು" ಎಂದಳು ಕೊನೆಗೆ.

ಹಿಂದಿನ ಸಾಲಿನ ಹುಡುಗಿಯರು ಕಿಸಕ್ಕನೆ ನಕ್ಕರು. ಕೊರಳಲ್ಲಿ ಹಾರ ಹಾಕಿಕೊಂಡು ಕೂತಿದ್ದ ರಂಗರಾಜು ತಲೆ ತಗ್ಗಿಸಿದ. ಅವನ ಭುಜ ಅಲುಗುತ್ತಿತ್ತು. ಅವನೂ ನಗುತ್ತಿದ್ದಾನೆಂದು ಅವಳಿಗೆ ಒಂದು ಕ್ಷಣ ಬಿಟ್ಟು ಗೊತ್ತಾಯಿತು.