ಕೋಡ್ ಯಾರಿಗೂ ಹೇಳಬ್ಯಾಡ್ರಿ

ಶನಿವಾರ ಸಂಜೆ ಐದರೊಳಗೆ ಒಪ್ಪಿಗೆ ಕೊಡದಿದ್ದರೆ ಸೀಟು ಮುಂದಿನವರಿಗೆ ಹೋಗುತ್ತದೆ ಎಂದು ಪಟ್ಟಿಯ ಕೆಳಗೆ ಬರೆದಿತ್ತು. ಪಟ್ಟಿಯಲ್ಲಿ ನನ್ನ ಮಗಳು ಸ್ನೇಹಲಳ ಹೆಸರು ನಲವತ್ತೊಂದನೆಯದು. ಸಾಂಗಲಿ ಕಡೆಯ ನರ್ಸಿಂಗ್ ಕಾಲೇಜು. ಒಪ್ಪಿಗೆಯ ಲಿಂಕನ್ನು ಅವರು ಮೇಲ್‌ಗೆ ಕಳಿಸಿದ್ದರು. ಆ ಮೇಲ್ ತೆರೆಯುತ್ತಿರಲಿಲ್ಲ. ಆಗ ಶನಿವಾರ ಬೆಳಗಿನ ಹನ್ನೊಂದು ಗಂಟೆ.

ತಪ್ಪು ನನ್ನದೇ. ಗಡಿಯ ಮಂದಿ ನಾವು, ಎರಡೂ ರಾಜ್ಯಕ್ಕೆ ಅರ್ಜಿ ಹಾಕುತ್ತೇವೆ. ಎಲ್ಲಿ ಸಿಕ್ಕೀತೋ ಅಲ್ಲಿ. ಒಂದರ ಕಾಗದ ಇನ್ನೊಂದರಲ್ಲಿ ಸೇರಬಾರದೆಂದು ನಾನು ಸ್ನೇಹಲಳಿಗೆ ಎರಡು ಮೇಲ್ ಮಾಡಿಕೊಟ್ಟಿದ್ದೆ. ಕರ್ನಾಟಕದ್ದು ಫೈರ್‌ಫಾಕ್ಸಿನಲ್ಲಿ, ಮಹಾರಾಷ್ಟ್ರದ್ದು ಕ್ರೋಮಿನಲ್ಲಿ. ನಾನು ಕಲಿಸುವ ಶಾಲೆಯ ಮೇಲ್ ಬೇರೆ, ಅದು ನೀಲಿ ‘ಇ’ ಅಕ್ಷರದ್ದರಲ್ಲಿ. “ನರಿ ಅಂದ್ರ ಬೆಳಗಾವಿ, ಚಕ್ರ ಅಂದ್ರ ಸಾಂಗಲಿ” ಎಂದು ತೆರೆಯ ಮೇಲಿನ ಚಿತ್ರ ತೋರಿಸಿ ಅವಳಿಗೂ ಹೇಳಿಕೊಟ್ಟಿದ್ದೆ. ಒಮ್ಮೆ ಒಳಹೊಕ್ಕ ಮೇಲೆ ಯಾವುದರಿಂದಲೂ ಹೊರಗೆ ಬಂದದ್ದಿಲ್ಲ. ಶೇಡಬಾಳದ ನಮ್ಮ ಓಣಿಯವರೆಲ್ಲ ರಿಸಲ್ಟ್ ನೋಡಲು ಬರುವುದು ನಮ್ಮ ಮನೆಗೇ, ಯಾರ ಕಣ್ಣಿಗಾದರೂ ಬಿದ್ದೀತೆಂದು ಪಾಸ್‌ವರ್ಡ್ ಬರೆದಿಡಲೂ ಇಲ್ಲ. ಯಂತ್ರಕ್ಕೆ ನೆನಪಿರುತ್ತದಲ್ಲ ಎಂದು ಬಿಟ್ಟೆ.

ಹೋದ ವಾರ ಕಂಪ್ಯೂಟರ್ ತೀರಾ ನಿಧಾನವಾಯಿತೆಂದು ಕಾಗವಾಡದಿಂದ ರಿಪೇರಿಯ ಭರಮುವನ್ನು ಕರೆಸಿದ್ದೆ. “ಎಲ್ಲಾ ಸ್ವಚ್ಛ ಮಾಡ್ಲೇನ್ರಿ ಅಕ್ಕೋರ?” ಎಂದು ಕೇಳಿಯೇ ಕೇಳಿದ. ಒಲೆಯ ಮೇಲೆ ಪಲ್ಯ ಇತ್ತು. “ಮಾಡಪ್ಪಾ, ಎಲ್ಲಾ ಮಾಡಿಬಿಡು” ಎಂದೆ. ಮಾಡಿಬಿಟ್ಟ. ಯಂತ್ರದ ನೆನಪೂ ಅದರ ಜೊತೆ ಹೋಯಿತು.

ಪಾಸ್‌ವರ್ಡ್ ಮರೆತಿದೆ ಎಂದು ಒತ್ತಿದರೆ, ಕೋಡನ್ನು ನಿಮ್ಮ ಇನ್ನೊಂದು ಮೇಲ್‌ಗೆ ಕಳಿಸಿದ್ದೇವೆ ಎಂದಿತು ಚಕ್ರ. ಇನ್ನೊಂದೆಂದರೆ ನರಿಯದು. ನರಿಯದನ್ನು ತೆರೆಯಹೋದರೆ ಅದರ ಕೋಡು ಚಕ್ರದ ಮೇಲ್‌ಗೆ ಹೋಯಿತು.

“ಆಯಿ, ಎರಡೂ ಒಂದಕ್ಕೊಂದು ಜಾಮೀನ ನಿಂತಾವು” ಎಂದಳು ಸ್ನೇಹಲ. “ಈಗ ಎರಡೂ ಜೈಲಿನ್ಯಾಗ ಅದಾವು.”

“ನಗಬ್ಯಾಡ.”

“ನಾ ಎಲ್ಲಿ ನಗಾಕತ್ತೇನಿ.”

ನಿಜ, ಅವಳು ನಗುತ್ತಿರಲಿಲ್ಲ.

ಉಳಿದದ್ದು ಫೋನ್ ನಂಬರು. ಎರಡೂ ಮೇಲ್‌ಗೆ ಕೊಟ್ಟಿದ್ದು ಮಿರಜಿನಲ್ಲಿ ಕೊಂಡ ಹಳೆಯ ಸಿಮ್ಮು. ನಮ್ಮ ಮನೆಯೊಳಗೆ ಕೂತರೂ ಅದಕ್ಕೆ ರೋಮಿಂಗ್ ಬೀಳುತ್ತಿತ್ತೆಂದು ವರ್ಷದ ಹಿಂದೆಯೇ ಬಿಸಾಕಿದ್ದೆ. ನಮ್ಮ ಮನೆಯವರು ಉಗಾರದಲ್ಲಿ ಕಾರ್ಖಾನೆಯ ಪಾಳಿಯಲ್ಲಿದ್ದರು. ಊಟದ ಹೊತ್ತಿಗೆ ಫೋನ್ ಮಾಡಿದವರು ಎಲ್ಲ ಕೇಳಿ, “ಆ ನಂಬರ ಈಗ ಮತ್ಯಾರಿಗರ ಕೊಟ್ಟಿರ್ತಾರ. ಹಚ್ಚಿ ನೋಡು” ಎಂದರು.

ಹಚ್ಚಿದೆ. ಮೂರನೆಯ ಸಲ ಒಬ್ಬ ಗಂಡಸು ಎತ್ತಿದರು. ಮರಾಠಿಯಲ್ಲಿ ಶುರುಮಾಡಿದವರು, ನನ್ನ ಮಾತಿನ ಧಾಟಿ ಕೇಳಿ ಕನ್ನಡಕ್ಕೆ ಬಂದರು. ಜತ್ತದ ಕಡೆಯವರಂತೆ, ಹೆಸರು ತಾತ್ಯಾಸಾಹೇಬ. ನನಗೆ ಜೀವ ಬಂದಂತಾಯಿತು. ಸ್ನೇಹಲ ಆ ನಂಬರಿಗೆ ಕೋಡು ಕಳಿಸಿದಳು.

“ಈಗ ಒಂದ ಮೆಸೇಜ್ ಬಂದೈತಲ್ಲರಿ, ಅದರಾಗ ಆರು ಅಂಕಿ ಅದಾವು. ಅಷ್ಟ ಓದಿ ಹೇಳ್ರಿ.”

ಆ ಕಡೆ ಗುಂಡಿ ಒತ್ತಿದ ಸದ್ದು.

“ಬಾಯಾರ, ಬ್ಯಾಂಕಿನವ್ರು ಅಂದಾರ, ಕೋಡ್ ಯಾರಿಗೂ ಹೇಳಬ್ಯಾಡ್ರಿ ಅಂತ.”

“ಇದು ಬ್ಯಾಂಕಿಂದ ಅಲ್ಲರಿ. ನನ್ನ ಮಗಳ ಸೀಟಿಂದು.”

“ನಮ್ಮ ಅಳಿಯಗ ಲಾಟರಿದು ಅಂದಿದ್ರು.”

“ನಾ ಶಾಲಿ ಕಲಸಾಕಿರಿ. ಶೇಡಬಾಳದಾಗ ಯಾರನ್ನ ಬೇಕಾದ್ರೂ ಕೇಳ್ರಿ.”

“ಅಳಿಯನ ರೊಕ್ಕ ಹೊಡದಾಂವನೂ ಮ್ಯಾನೇಜರ್ ಅಂತ ಹೇಳಿದ್ದಾ.”

ಹೋದ ತಿಂಗಳ ಪಾಲಕರ ಸಭೆಯಲ್ಲಿ, ಯಾರು ಎಷ್ಟು ಸವಿಯಾಗಿ ಕೇಳಿದರೂ ಕೋಡ್ ಕೊಡಬೇಡಿ ಎಂದು ನಾನೇ ಎರಡೆರಡು ಸಲ ಹೇಳಿದ್ದೆ. ಸ್ನೇಹಲ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

“ಕಾಕಾ, ನನ್ನ ಹೆಸರ ಸ್ನೇಹಲ. ಐದಕ್ಕ ಮುಗೀತೈತ್ರಿ ಟೈಮು.”

“ದನಿ ಚಲೋ ಐತವ್ವ ನಿಂದು. ಆದ್ರ ಫೋನಿನ್ಯಾಗ ಎಲ್ಲಾರ ದನಿ ಚಲೋನ ಇರತೈತಿ. ನಮ್ಮ ಬೀಗರು ಭಾವುಸಾಹೇಬ ಮಾಸ್ತರ ಅದಾರ, ಅವರನ್ನ ಕೇಳಿ ಹೇಳ್ತೇನಿ.” ಫೋನ್ ಇಟ್ಟರು.

ಆಮೇಲೆ ನಾವು ಮಾಡದ್ದು ಉಳಿಯಲಿಲ್ಲ. ಕಾಲೇಜಿನ ಸಹಾಯವಾಣಿಯಲ್ಲಿ ಮುಕ್ಕಾಲು ಗಂಟೆ ಕಾದ ಮೇಲೆ ಒಬ್ಬ ಹುಡುಗಿ, ಮೇಲ್ ಮೂಲಕವೇ ಆಗಬೇಕು ತಾಯಿ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಮೆತ್ತಗೆ ಹೇಳಿದಳು. ಸ್ನೇಹಲಳ ಹುಟ್ಟಿದ ದಿನ, ನಮ್ಮ ಮದುವೆಯ ವರ್ಷ, ಮನೆ ನಂಬರು, ನೆನಪಿಗೆ ಬಂದದ್ದನ್ನೆಲ್ಲ ಪಾಸ್‌ವರ್ಡ್ ಮಾಡಿ ಹಾಕಿದೆವು. ತಾತ್ಯಾಸಾಹೇಬರಿಗೆ ಏಳು ಸಲ ಹಚ್ಚಿದೆ. ರಿಂಗ್ ಆಗುತ್ತಿತ್ತು, ಎತ್ತಲಿಲ್ಲ. ಐದಕ್ಕೆ ಎರಡು ನಿಮಿಷವಿದ್ದಾಗ ಸ್ನೇಹಲ ಕೀಬೋರ್ಡ್ ಬಿಟ್ಟು ಕೈ ಮಡಿಲಲ್ಲಿ ಇಟ್ಟುಕೊಂಡಳು. ಐದಕ್ಕೆ ಪಟ್ಟಿಯ ಪುಟದಲ್ಲಿ ‘ಅವಧಿ ಮುಗಿದಿದೆ’ ಎಂದು ಬಂತು. ಇಬ್ಬರೂ ಓದಿದೆವು. ನಾನು ಎದ್ದು ಚಹಾಕ್ಕಿಟ್ಟೆ.

ಆರೂಕಾಲಿಗೆ ಫೋನ್ ಬಂತು.

“ಬಾಯಾರ, ನಾ ತಾತ್ಯಾಸಾಹೇಬ. ಫೋನ್ ಮನ್ಯಾಗ ಬಿಟ್ಟು ಮಾಸ್ತರ ಊರಿಗೆ ನಡಕೋತ ಹೋಗಿದ್ನಿ. ಕೂಸಿನ ಸೀಟ ಅಂದ್ರ ಹೇಳಬೇಕೊ ಮಾರಾಯಾ ಅಂತ ಬೈದ್ರು. ಬರಕೋರಿ.” ಒಂದೊಂದೇ ಅಂಕಿ ಓದಿದರು. ಪಕ್ಕದಲ್ಲಿ ಅವರ ಹೆಂಡತಿ “ಅದು ಏಳಲ್ಲ, ಒಂದು” ಎಂದು ತಿದ್ದುತ್ತಿದ್ದರು. ನಾನು ಕ್ಯಾಲೆಂಡರಿನ ಅಂಚಿನಲ್ಲಿ ಆರನ್ನೂ ಬರೆದುಕೊಂಡೆ.

“ಆತಲ್ಲರಿ? ಸೀಟ ಸಿಕ್ತಲ್ಲ?”

“ಸಿಕ್ತರಿ” ಎಂದೆ. “ಭಾಳ ಉಪಕಾರ ಆತರಿ.”

“ಡಾಕ್ಟರ್ ಆಗ್ಲಿ.”

“ಡಾಕ್ಟರ್ ಅಲ್ಲರಿ, ನರ್ಸ್.”

“ಆತಲ್ಲ. ಸೂಜಿ ಚುಚ್ಚಾಕಿ ಆಕೀನ.” ನಕ್ಕು ಇಟ್ಟರು.

“ಸುಳ್ಳ ಯಾಕ ಹೇಳಿದಿ ಆಯಿ?” ಎಂದಳು ಸ್ನೇಹಲ.

“ಅಷ್ಟ ದೂರ ನಡದ ಬಂದಾರ. ಏನಂತ ಹೇಳ್ಲಿ?”

ಅವಳು ಆ ಆರು ಅಂಕಿ ಹಾಕಿ ನೋಡಿದಳು. ಹಳೆಯ ಕೋಡು, ನಡೆಯುವುದಿಲ್ಲ ಎಂದಿತು. ಅವಳು ನರಿಯನ್ನು ತೆರೆದಳು. ಅಲ್ಲೂ ಪಾಸ್‌ವರ್ಡ್ ಕೇಳುತ್ತಿತ್ತು.

“ಕರ್ನಾಟಕದ ಪಟ್ಟಿ ಸೋಮವಾರ ಬರತೈತಿ. ಅದೂ ಮೇಲಿಗೇ. ಹೊಸಾ ಕೋಡ್ ಕಳಸ್ಲೇನ? ಅವರಿಗೆ ಇನ್ನೊಮ್ಮೆ ಹಚ್ಚಿ ಕೇಳಬೇಕಾಗತೈತಿ.”

ಫೋನ್ ನನ್ನ ಕೈಯಲ್ಲೇ ಇತ್ತು. ಸೀಟು ಸಿಕ್ಕಿತೆಂದು ಈಗಷ್ಟೇ ಹೇಳಿದವಳು ಮತ್ತೆ ಆರು ಅಂಕಿ ಕೇಳಿದರೆ ಆ ಮನುಷ್ಯ ನನ್ನನ್ನು ಏನೆಂದುಕೊಳ್ಳಬೇಕು? ನಾನಾದರೆ ಕೊಡುತ್ತಿರಲಿಲ್ಲ.